ಬಾಗಿಲ ಬಳಿ ನಿಂತ ಮಕ್ಕಳು

ಮಂಗಳೂರು, ಉಡುಪಿ ಕಡೆಯ ಚರ್ಚುಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಚಿಣ್ಣರದೇ ಸಂಭ್ರಮ. ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ, ಹಾಡುತ್ತಾರೆ. ಅದೇ ಮಕ್ಕಳು ಹದಿನಾಲ್ಕು ದಾಟಿದರೆ? ಹೂವಿನ ಬುಟ್ಟಿಗೆ ದೊಡ್ಡವರು, ಪಾಲನಾ ಮಂಡಳಿಗೆ ಚಿಕ್ಕವರು. ಪೂಜೆಯ ಹೊತ್ತಿನಲ್ಲಿ ಬಾಗಿಲ ಬಳಿಯೇ ಉಳಿದುಬಿಡುತ್ತಾರೆ.

ಅವರನ್ನು ಗದರಿ ಒಳಗೆ ಕಳಿಸಿದರೆ ಸಾಲದು; ಹೊಣೆ ಕೊಡಬೇಕು.

ಹಬ್ಬದ ದಿನ ಕುರ್ಚಿ ಜೋಡಿಸುವುದು, ಊಟ ಬಡಿಸುವುದು ಒಳ್ಳೆಯದೇ. ಆದರೆ ಹೊಣೆ ಎಂದರೆ ಅಷ್ಟೇ ಅಲ್ಲ; ಮಿಲಾನಿನ ಕಾರ್ಲೊ ಅಕುಟಿಸ್‌ನನ್ನು ನೋಡಿ. ಕಂಪ್ಯೂಟರ್ ಬಲ್ಲ ಆ ಹುಡುಗ ತನ್ನ ಚರ್ಚಿನಲ್ಲಿ ಚಿಕ್ಕವರ ಧರ್ಮಶಿಕ್ಷಣಕ್ಕೆ ನೆರವಾದ, ಪರಮಪ್ರಸಾದದ ಪವಾಡಗಳ ಪ್ರದರ್ಶನವೊಂದನ್ನು ರೂಪಿಸಿದ. 2006ರಲ್ಲಿ, 15ನೇ ವಯಸ್ಸಿಗೇ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಪೋಪ್ ಲಿಯೊ ಅವನನ್ನು ಸಂತನೆಂದು ಘೋಷಿಸಿದರು. ಅವನು ಬಳಸಿದ್ದು ತನಗೆ ಒಲಿದಿದ್ದ ವಿದ್ಯೆಯನ್ನೇ.

ಹೊಣೆ ಕೊಡಲು ದಾರಿಯೂ ಇದೆ. ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆಯಾದ ವೈಸಿಎಸ್‌ನ ಗುಂಪುಗಳಿಗೆ ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡಿನ್ ಕಲಿಸಿದ ಕ್ರಮವೊಂದು ಗೊತ್ತು: ನೋಡು, ತೂಗಿ ನೋಡು, ಮಾಡು. ಅದರಂತೆ, ವಾರ್ಡಿನಲ್ಲಿ ಮಕ್ಕಳೆಲ್ಲ ಗಲ್ಫಿನಲ್ಲಿದ್ದು ಒಬ್ಬರೇ ಇರುವ ಅಜ್ಜಿ ಯಾರು, ಅವರಿಗೆ ಬೇಕಾದ್ದು ಔಷಧಿಯೋ ಮಾತೋ ಎಂಬುದನ್ನು ಹುಡುಗರೇ ಪತ್ತೆಹಚ್ಚಲಿ, ಅವರೇ ತೀರ್ಮಾನಿಸಲಿ. ಖರ್ಚಿನ ಲೆಕ್ಕವನ್ನೂ ಅವರೇ ಬರೆಯಲಿ. ತಪ್ಪಿದರೆ ಹಿರಿಯರು ಎಲ್ಲರೆದುರು ಬೈಯದೆ ಜೊತೆಗೆ ಕೂತು ತಿದ್ದಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುವ ಮಾರ್ಚ್ ಆಸುಪಾಸಿನಲ್ಲಿ ಮಾತ್ರ ಹುಡುಗರಿಗೆ ಬಿಡುವು ಕೊಡಿ, ಏಪ್ರಿಲ್‌ನಲ್ಲಿ ಮರೆಯದೆ ಮತ್ತೆ ಕರೆಯಿರಿ.