ತಲೆಯೊಳಗಿನ ರಕ್ತಸ್ರಾವ ಮತ್ತು ಶ್ವಾಸಕೋಶದ ತೊಂದರೆ



ಮೆದುಳಿನ ಸುತ್ತ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದವರ ಮನೆಯವರು ನಮ್ಮಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: “ರೋಗ ಬಂದುದು ತಲೆಗೆ, ಈಗ ಶ್ವಾಸಕೋಶ ಕೆಟ್ಟಿದೆ ಎನ್ನುತ್ತಾರಲ್ಲ, ಅದು ಹೇಗೆ?” ಈ ಸಂದೇಹಕ್ಕೆ ಇಲ್ಲಿ ಉತ್ತರಿಸಲು ಯತ್ನಿಸುತ್ತೇವೆ.

ಮೆದುಳನ್ನು ಮೂರು ಪೊರೆಗಳು ಆವರಿಸಿವೆ. ರಕ್ತನಾಳದ ಗೋಡೆ ಒಂದೆಡೆ ದುರ್ಬಲವಾಗಿ, ಗುಳ್ಳೆಯಂತೆ ಉಬ್ಬಿ ಒಡೆದಾಗ, ಇಲ್ಲವೇ ತಲೆಗೆ ಬಲವಾದ ಪೆಟ್ಟು ಬಿದ್ದಾಗ, ಒಳಗಿನ ಎರಡು ಪೊರೆಗಳ ನಡುವೆ ರಕ್ತ ಸುರಿಯುತ್ತದೆ. ಸಿಡಿಲೆರಗಿದಂತೆ ಹಠಾತ್ತನೆ ಬರುವ ಅತಿ ತೀವ್ರವಾದ ತಲೆನೋವು, ವಾಂತಿ, ಕತ್ತಿನ ಬಿಗಿತ, ಎಚ್ಚರ ತಪ್ಪುವುದು ಇದರ ಲಕ್ಷಣಗಳು. ಅಧಿಕ ರಕ್ತದೊತ್ತಡ ಮತ್ತು ಧೂಮಪಾನ ಈ ಅಪಾಯವನ್ನು ಹೆಚ್ಚಿಸುತ್ತವೆ.

ಇದರಿಂದ ಶ್ವಾಸಕೋಶಕ್ಕೆ ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಹಾನಿಯಾಗಬಹುದು.

ಮೊದಲನೆಯದು, ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ಉಂಟಾಗುವಂಥದು. ತಲೆಬುರುಡೆಯೊಳಗೆ ಒತ್ತಡ ಏರಿದೊಡನೆ ನರಮಂಡಲವು ಅಡ್ರಿನಲಿನ್‌ನಂತಹ ರಸಗಳನ್ನು ಒಮ್ಮೆಲೇ ಹರಿಯಬಿಡುತ್ತದೆ. ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿ, ಅವು ಸೋರಿ, ಗಾಳಿಚೀಲಗಳಲ್ಲಿ ನೀರು ತುಂಬುತ್ತದೆ. ಎರಡನೆಯದು, ಎಚ್ಚರ ತಪ್ಪಿದವರ ಗಂಟಲಿನ ಕಾವಲು ಸಡಿಲವಾಗಿ ವಾಂತಿ ಅಥವಾ ಜೊಲ್ಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವುದು. ಮೂರನೆಯದು, ಹಲವು ದಿನ ವೆಂಟಿಲೇಟರಿನಲ್ಲಿದ್ದಾಗ ತಗಲುವ ಸೋಂಕು. ನಾಲ್ಕನೆಯದು, ಮಲಗಿಯೇ ಇರುವವರ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಸಾಗಿ ಅಡಚುವುದು.

ರಕ್ತಸ್ರಾವವಾದ ನಾಲ್ಕನೆಯ ದಿನದಿಂದ ಸುಮಾರು ಹದಿನಾಲ್ಕನೆಯ ದಿನದವರೆಗೆ ಮೆದುಳಿನ ರಕ್ತನಾಳಗಳು ಸಂಕೋಚಗೊಳ್ಳುವ ಭಯವಿರುತ್ತದೆ. ಆಗಲೇ ಆಮ್ಲಜನಕವೂ ಕಡಿಮೆಯಾದರೆ ನೊಂದ ಮೆದುಳು ಮತ್ತೆ ನೋಯುತ್ತದೆ. ಆದುದರಿಂದಲೇ ವೈದ್ಯರು ತಲೆಯಷ್ಟೇ ಎದೆಯನ್ನೂ ಕಾಯುತ್ತಾರೆ.

ಚರಕಾಚಾರ್ಯರು ಪ್ರಾಣವಾಯುವಿನ ನೆಲೆಯನ್ನು ಶಿರಸ್ಸಿನಲ್ಲಿಯೂ ಉದಾನವಾಯುವಿನ ನೆಲೆಯನ್ನು ಎದೆಯಲ್ಲಿಯೂ ಹೇಳಿದ್ದಾರೆ. ಶಿರಸ್ಸು, ಹೃದಯ, ಬಸ್ತಿ ಇವನ್ನು ಪ್ರಧಾನ ಮರ್ಮಗಳೆಂದು ಎಣಿಸಿದ್ದಾರೆ. ಹಾಗೆಂದು ಈ ತುರ್ತಿನಲ್ಲಿ ಕಷಾಯವೇ ಮದ್ದೆಂದು ಭಾವಿಸಬಾರದು. ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತನ್ನು ಹೇಳುತ್ತಿದ್ದೇವೆ.

ಎಚ್ಚರವಿಲ್ಲದವರ ಬಾಯಿಗೆ ನೀರು, ಸೀಯಾಳ, ಗಂಜಿ, ಕಷಾಯ ಯಾವುದನ್ನೂ ಹಾಕಬೇಡಿರಿ. ಮೂಗಿಗೆ ನಸ್ಯದ ತೈಲ ಬಿಡಬೇಡಿರಿ. ಭಕ್ತಿಯಿಂದ ಹಾಕಿದ ಪಾದೋದಕವೂ ಶ್ವಾಸನಾಳಕ್ಕೆ ಇಳಿದರೆ ಅಪಾಯವೇ. ಹಣೆಗೆ ವಿಭೂತಿ ಹಚ್ಚಿ ಪ್ರಾರ್ಥಿಸಿದರೆ ಸಾಕು. ತಲೆನೋವೆಂದು ಆಸ್ಪಿರಿನ್ ಮಾತ್ರೆ ಕೊಡಬೇಡಿರಿ. ಅದು ರಕ್ತಸ್ರಾವವನ್ನು ಹೆಚ್ಚಿಸಬಲ್ಲದು. ವಾಂತಿಯಾಗುತ್ತಿದ್ದು ಉಸಿರಾಟ ನಡೆಯುತ್ತಿದ್ದರೆ ಮಗ್ಗುಲಾಗಿ ಮಲಗಿಸಿರಿ. ಪೆಟ್ಟು ಬಿದ್ದವರಾದರೆ ಕತ್ತು ತಿರುಚದಂತೆ ತಲೆ, ಮೈ ಎರಡನ್ನೂ ಒಟ್ಟಿಗೇ ಹೊರಳಿಸಬೇಕು. ಕೂಡಲೇ 108ಕ್ಕೆ ಕರೆ ಮಾಡಿರಿ.

ನಮ್ಮ ಕರಾವಳಿಯ ಪುಣ್ಯವೆಂದರೆ ದೊಡ್ಡ ಆಸ್ಪತ್ರೆ ದೂರವಿಲ್ಲ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯೂ ತೀವ್ರ ನಿಗಾ ಘಟಕವೂ ಇವೆ. ಕಾಪುವಿನವರು ಹೆದ್ದಾರಿ 66ರಲ್ಲಿ ಉಡುಪಿಯ ಮೂಲಕ, ಕಾರ್ಕಳದವರು ಹಿರಿಯಡಕದ ಮೂಲಕ ಮಣಿಪಾಲವನ್ನು ಸೇರಬಹುದು. “ಬೆಳಗಾಗಲಿ, ನೋಡೋಣ” ಎಂದು ಕಾಯುವುದೇ ದೊಡ್ಡ ತಪ್ಪು.

ಆಸ್ಪತ್ರೆಯಲ್ಲಿ ರೋಗಿಯ ತಲೆಯ ಕಡೆಯನ್ನು ಸಾಮಾನ್ಯವಾಗಿ ಸುಮಾರು 30 ಡಿಗ್ರಿ ಎತ್ತರಿಸಿರುತ್ತಾರೆ, ಅದನ್ನು ತಗ್ಗಿಸಬೇಡಿರಿ. ನುಂಗುವ ಶಕ್ತಿಯನ್ನು ಪರೀಕ್ಷಿಸುವ ಮೊದಲು ಪ್ರೀತಿಯಿಂದಲೂ ತುತ್ತು ಕೊಡಬೇಡಿರಿ. ದಿನವೂ ಬಾಯಿಯ ಶುಚಿ, ಕೈಕಾಲುಗಳ ವ್ಯಾಯಾಮ ನಡೆಯಲಿ. ಮನೆಗೆ ಮರಳಿದ ಬಳಿಕ ಕೆಮ್ಮು, ಜ್ವರ, ಏದುಸಿರು, ಒಂದೇ ಕಾಲಿನ ಬಾವು ಕಂಡರೆ ತಡಮಾಡದೆ ತೋರಿಸಿರಿ. ಅಭ್ಯಂಗವಾಗಲಿ, ಭಸ್ತ್ರಿಕಾ, ಕುಂಭಕಗಳಾಗಲಿ ನರರೋಗ ತಜ್ಞರ ಒಪ್ಪಿಗೆಯಿಲ್ಲದೆ ಬೇಡ.

ಸಕಾಲದ ಚಿಕಿತ್ಸೆ ಉಸಿರನ್ನು ಕಾಯುತ್ತದೆ. ಕಾಯ್ದ ಉಸಿರು ಮೆದುಳನ್ನು ಕಾಯುತ್ತದೆ.