ಕಾರು ತೊಳೆಯುವ ಕೆಲಸ: ಕಷ್ಟ ಎಲ್ಲಿದೆ?

ನಾವು ಆರು ಜನ ಹೆಂಗಸರು. ಬೆಂಗಳೂರಿನಲ್ಲಿದ್ದೇವೆ. ದಿನಾ ಬೆಳಿಗ್ಗೆ ಕಾರು ತೊಳೆಯುತ್ತೇವೆ. ತಿಂಗಳಿಗೊಮ್ಮೆ ಕೆಲವು ಕಾರುಗಳಿಗೆ ಮೇಣ ಹಚ್ಚುತ್ತೇವೆ. ಮೇಣಕ್ಕೆ ಎಲ್ಲರೂ ವ್ಯಾಕ್ಸ್ ಅನ್ನುತ್ತಾರೆ.

ಮೊದಲು ನಾವು ಏನು ತಿಳಿದಿದ್ದೆವು ಗೊತ್ತೆ? “ಪಾತ್ರೆ ತೊಳೆಯೋರಿಗೆ ಕಾರು ತೊಳೆಯೋದು ಏನು ಮಹಾ?” ಅಂದುಕೊಂಡಿದ್ದೆವು. ಅದು ತಪ್ಪು. ಪಾತ್ರೆಯನ್ನು ಒತ್ತಿ ಉಜ್ಜಿದರೆ ಹೊಳೆಯುತ್ತದೆ. ಕಾರನ್ನು ಒತ್ತಿ ಉಜ್ಜಿದರೆ ಹಾಳಾಗುತ್ತದೆ.

ಯಾಕೆ? ಕಾರಿನ ಬಣ್ಣದ ಮೇಲೆ ಒಂದು ಪದರ ಇದೆ. ಅದು ಗಾಜಿನ ಹಾಗೆ ತಿಳಿಯಾಗಿರುತ್ತದೆ. ಸಾಮಾನ್ಯವಾಗಿ ಒಂದು ತಲೆಕೂದಲಿನಷ್ಟು ದಪ್ಪವೂ ಇರುವುದಿಲ್ಲ. ಹೊಳಪು ಕೊಡುವುದು ಆ ಪದರವೇ. ಅದಕ್ಕೆ ಗೀರು ಬಿದ್ದರೆ ಹೊಳಪು ಹೋಯಿತು. ನಮ್ಮ ಕೂಲಿಗೂ ಕುತ್ತು ಬಂತು.

ಈ ಕೆಲಸದಲ್ಲಿ ನಮಗೆ ಕಷ್ಟವಾದದ್ದು ನಾಲ್ಕು. ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯ ಕಷ್ಟ: ಮಣ್ಣು

ಕಾರಿನ ಮೇಲಿನ ಧೂಳಿನಲ್ಲಿ ಸಣ್ಣ ಮರಳು ಇರುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಆ ಮರಳೇ ಕಾರನ್ನು ಗೀರುತ್ತದೆ. ಆದ್ದರಿಂದ ಮೊದಲು ನೀರು. ಆಮೇಲೆ ಬಟ್ಟೆ.

ಮಗ್ಗಿನಲ್ಲಿ ನೀರು ತೆಗೆದು ಮೇಲಿನಿಂದ ಹುಯ್ಯಿರಿ. ಮಣ್ಣು ನೆನೆದು ತಾನಾಗಿ ಇಳಿಯಲಿ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಸೋಪಿನ ನೀರು. ಇನ್ನೊಂದರಲ್ಲಿ ಬರೀ ನೀರು. ಬಟ್ಟೆ ಮಣ್ಣಾದಾಗ ಬರೀ ನೀರಿನಲ್ಲಿ ಜಾಲಾಡಿಸಿ. ಆಮೇಲೆ ಸೋಪಿನ ನೀರಿಗೆ ಹಾಕಿ. ಕಾರು ತೊಳೆಯುವ ಸೋಪೇ ಬೇರೆ ಇದೆ, ಅದನ್ನೇ ಕೇಳಿ ತರಿಸಿಕೊಳ್ಳಿ. ಪಾತ್ರೆ ತೊಳೆಯುವ ಸೋಪು ಹಚ್ಚಿದ ಮೇಣವನ್ನು ತೆಗೆದುಬಿಡುತ್ತದೆ. ಪಾತ್ರೆ ಉಜ್ಜುವ ನಾರಂತೂ ಬೇಡವೇ ಬೇಡ.

ಮೇಲಿನಿಂದ ಕೆಳಗೆ ತೊಳೆಯಿರಿ. ಚಕ್ರ ಕೊನೆಗೆ. ಚಕ್ರಕ್ಕೆ ಬಟ್ಟೆಯೂ ಬೇರೆ ಇರಲಿ. ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತೆ? ಅದನ್ನು ಮತ್ತೆ ಕಾರಿಗೆ ಮುಟ್ಟಿಸಬೇಡಿ. ಚೆನ್ನಾಗಿ ಒಗೆದ ಮೇಲೆ ಬಳಸಿ.

ಹಕ್ಕಿ ಹಿಕ್ಕೆ ಒಣಗಿ ಹಿಡಿದಿದ್ದರೆ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಕಿಡಿ. ಮೆತ್ತಗಾದ ಮೇಲೆ ಮೆಲ್ಲಗೆ ಎತ್ತಿ ತೆಗೆಯಿರಿ. ಹಿಕ್ಕೆಯನ್ನು ಬಹಳ ದಿನ ಬಿಟ್ಟರೆ ಬಣ್ಣಕ್ಕೆ ಕಲೆ ಹಿಡಿಯುತ್ತದೆ.

ಎರಡನೆಯ ಕಷ್ಟ: ನೀರು

ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಾ? ಬೆಳ್ಳಗೆ ಸುಣ್ಣ ಕಟ್ಟಿರುತ್ತದೆ. ಕಾರಿನ ಮೇಲೂ ಹಾಗೇ ಆಗುತ್ತದೆ. ನೀರಿನ ಹನಿ ಬಿಸಿಲಿಗೆ ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ. ಅದನ್ನು ತೆಗೆಯುವುದು ಬಹಳ ಕಷ್ಟ. ಅದಕ್ಕೇ ನೆರಳಿನಲ್ಲಿ ತೊಳೆಯಬೇಕು. ತೊಳೆದ ಕೂಡಲೇ ಮೆತ್ತನೆ ಬಟ್ಟೆಯಿಂದ ನೀರು ಒತ್ತಿ ತೆಗೆಯಬೇಕು.

ನೀರಿನ ಇನ್ನೊಂದು ಮಾತಿದೆ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನೀರಿಗೆ ತತ್ವಾರ ಬಂತು. ಆಗ ಜಲಮಂಡಳಿಯವರು ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದು ಎಂದು ಆದೇಶ ಮಾಡಿದರು. ತಪ್ಪಿದರೆ 5,000 ರೂಪಾಯಿ ದಂಡ ಎಂದರು. ನಮಗೆ ದಿಗಿಲಾಯಿತು. ಕೆಲಸವೇ ಹೋದರೆ ಏನು ಗತಿ? ನಾವು ಕಟ್ಟಡದ ಮೇಲ್ವಿಚಾರಕರನ್ನು ಕೇಳಿದೆವು. “ಸಾರ್, ಗಿಡಕ್ಕೆ ಬಿಡ್ತೀರಲ್ಲ, ಶುದ್ಧ ಮಾಡಿದ ಕೊಳೆ ನೀರು, ಅದನ್ನೇ ನಮಗೂ ಕೊಡಿ” ಅಂದೆವು. ಒಪ್ಪಿದರು. ಕೆಲಸ ಉಳಿಯಿತು.

ಅಂದಿನಿಂದ ಪೈಪು ಬಿಟ್ಟು ತೊಳೆಯುವುದಿಲ್ಲ. ಪೈಪು ಹತ್ತು ನಿಮಿಷ ಹರಿದರೆ ನೂರು ಲೀಟರಿಗೂ ಹೆಚ್ಚು ನೀರು ಹೋಗಬಹುದು. ಮೂರು ಬಕೆಟ್ ನೀರಿನಲ್ಲಿ ಒಂದು ಕಾರು ಚೆನ್ನಾಗಿ ತೊಳೆಯಬಹುದು.

ಮೂರನೆಯ ಕಷ್ಟ: ಮೇಣ

ಮೇಣ ಕಾರಿಗೆ ಕೊಡೆ ಇದ್ದ ಹಾಗೆ. ಬಿಸಿಲು, ಮಳೆ, ಹಿಕ್ಕೆ ನೇರವಾಗಿ ಬಣ್ಣಕ್ಕೆ ತಾಗದಂತೆ ತಡೆಯುತ್ತದೆ. ಕೆಲವು ಮೇಣ ಕಾರ್ನೌಬ ಎಂಬ ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಆ ಮರ ಬೆಳೆಯುವುದು ದೂರದ ಬ್ರೆಜಿಲ್ ದೇಶದಲ್ಲಿ.

ಮೊದಲ ಸಲ ನಾವು ಮೇಣ ಹಚ್ಚಿದ್ದು ಮಧ್ಯಾಹ್ನದ ಬಿಸಿಲಿನಲ್ಲಿ. ಹೆಚ್ಚು ಹಚ್ಚಿದರೆ ಹೆಚ್ಚು ಹೊಳಪು ಅಂದುಕೊಂಡು ಬೆಣ್ಣೆ ಬಳಿದ ಹಾಗೆ ಬಳಿದೆವು. ಇಡೀ ಕಾರಿಗೆ ಒಂದೇ ಸಲ ಬಳಿದೆವು. ಅದು ಒಣಗಿ ಗಟ್ಟಿಯಾಯಿತು. ಎಷ್ಟು ಒರೆಸಿದರೂ ಬರಲಿಲ್ಲ. ತೋಳು ಸೋತು ಹೋಯಿತು.

ಡಬ್ಬಿಯ ಮೇಲೆ ಏನೋ ಬರೆದಿತ್ತು. ಆದರೆ ಇಂಗ್ಲಿಷಿನಲ್ಲಿ. ನಾವು ರಾತ್ರಿ ಶಾಲೆಯಲ್ಲಿ ಕಲಿತದ್ದು ಕನ್ನಡ. ಆ ಮನೆಯ ಹುಡುಗಿ ಕಾಲೇಜಿಗೆ ಹೋಗುತ್ತಾಳೆ. ಅವಳ ಹತ್ತಿರ ಓದಿಸಿದೆವು. ಅವಳು ಹೇಳಿದ್ದನ್ನು ನಾವು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆವು. ನಮ್ಮ ಅನುಭವವನ್ನೂ ಸೇರಿಸಿದೆವು. ಅದು ಹೀಗಿದೆ:

1. ಕಾರು ತೊಳೆದು ಒಣಗಿರಬೇಕು. ಮುಟ್ಟಿದರೆ ತಣ್ಣಗಿರಬೇಕು.
2. ನೆರಳಿನಲ್ಲೇ ಹಚ್ಚಬೇಕು.
3. ಒಂದು ಬಾಗಿಲು ಮುಗಿಸಿ ಇನ್ನೊಂದು ಬಾಗಿಲು. ಎಲ್ಲವೂ ಒಟ್ಟಿಗೆ ಬೇಡ.
4. ತೆಳ್ಳಗೆ ಹಚ್ಚಬೇಕು.
5. ಬೆಳ್ಳಗೆ ಮಂಜಿನಂತೆ ಆದಾಗ ಬೆರಳಲ್ಲಿ ಗೆರೆ ಎಳೆದು ನೋಡಬೇಕು. ಮೇಣ ಮೆತ್ತಿಕೊಳ್ಳದೆ ಬಿಟ್ಟು ಬಂದರೆ ಒರೆಸಬಹುದು.
6. ಒರೆಸುವ ಬಟ್ಟೆ ಮಡಿಸಿರಬೇಕು. ಒಂದು ಮಗ್ಗುಲು ಕೊಳೆಯಾದರೆ ಇನ್ನೊಂದು ಮಗ್ಗುಲು ತಿರುಗಿಸಬೇಕು.
7. ಕಪ್ಪು ಪ್ಲಾಸ್ಟಿಕ್ಕಿಗೆ, ರಬ್ಬರಿಗೆ, ಮುಂದಿನ ಗಾಜಿಗೆ ಮೇಣ ತಾಗಬಾರದು. ಪ್ಲಾಸ್ಟಿಕ್ಕಿಗೆ ಬಿಳಿ ಕಲೆ ಹಿಡಿಯುತ್ತದೆ. ಗಾಜು ಮಬ್ಬಾಗಿ ರಾತ್ರಿ ದಾರಿ ಕಾಣುವುದಿಲ್ಲ.

ಮೇಣ ಗಟ್ಟಿಯಾಗಿ ಕೂತಿತೆ? ಅದರ ಮೇಲೆಯೇ ಸ್ವಲ್ಪ ಹೊಸ ಮೇಣ ಹಚ್ಚಿ. ಹಳೆಯದು ಮೆತ್ತಗಾಗುತ್ತದೆ. ಕೂಡಲೇ ಒರೆಸಿ.

ಕೆಲಸ ಸರಿಯಾಗಿದೆಯೆ ಎಂದು ನೋಡುವುದು ಸುಲಭ. ಒಂದಿಷ್ಟು ನೀರು ಚಿಮುಕಿಸಿ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನೀರು ಗುಂಡು ಗುಂಡಾಗಿ ನಿಂತರೆ ಮೇಣ ಹಿಡಿದಿದೆ ಎಂದು ಅರ್ಥ.

ನಾಲ್ಕನೆಯ ಕಷ್ಟ: ಗೀರಿನ ಮಾತು

ಇದೇ ಎಲ್ಲಕ್ಕಿಂತ ದೊಡ್ಡ ಕಷ್ಟ.

ಒಂದು ದಿನ ಒಬ್ಬ ಯಜಮಾನರು ನಮ್ಮ ಹಿರಿಯಕ್ಕನನ್ನು ಕರೆದರು. ಬಾಗಿಲ ಮೇಲೆ ಒಂದು ಗೀರು ತೋರಿಸಿದರು. “ನೀನೇ ಮಾಡಿದ್ದು” ಎಂದರು. ಅಕ್ಕ, “ಇಲ್ಲ ಸಾರ್, ಅದು ಮೊದಲೇ ಇತ್ತು” ಎಂದಳು. ಅವರು ನಂಬಲಿಲ್ಲ. ತಿಂಗಳ ದುಡ್ಡು ಕೊಡಲಿಲ್ಲ. ಗೀರು ಮೊದಲೇ ಇತ್ತು ಎನ್ನುವುದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಅಕ್ಕ ಅಂದು ರಾತ್ರಿ ಊಟ ಮಾಡಲಿಲ್ಲ.

ನಾವು ಆರು ಜನವೂ ಕೂತು ಮಾತಾಡಿದೆವು. ಒಬ್ಬಳು ಹೇಳಿದಳು: “ನಮ್ಮ ಬಳೆಯಿಂದಲೂ ಗೀರು ಬೀಳಬಹುದು ಕಣ್ರೇ.” ನಿಜ. ಬಳೆ, ಉಂಗುರ, ಸೆರಗಿನ ಪಿನ್ನು ಎಲ್ಲವೂ ಕಾರಿಗೆ ತಾಗುತ್ತವೆ. ಹಾಗಂತ ಬಳೆ ತೆಗೆಯುವುದೆ? ಕೆಲವರಿಗೆ ಮನಸ್ಸು ಒಪ್ಪಲಿಲ್ಲ. ಆಗ ಒಂದು ಉಪಾಯ ಸಿಕ್ಕಿತು. ಹೊಲದ ಕೆಲಸಕ್ಕೆ ಸೀರೆಯ ಮೇಲೆ ಗಂಡಸರ ಹಳೆ ಅಂಗಿ ಹಾಕುತ್ತಾರಲ್ಲ? ಹಾಗೇ ಮಾಡಿದೆವು. ಉದ್ದ ತೋಳಿನ ಅಂಗಿ. ಮಣಿಕಟ್ಟಿಗೆ ಗುಂಡಿ ಹಾಕಿದರೆ ಬಳೆ ಒಳಗೇ ಉಳಿಯಿತು. ಉಂಗುರ ಮಾತ್ರ ಬಿಚ್ಚಿಡುತ್ತೇವೆ. ಕೈಗೆ ರಬ್ಬರ್ ಗವಸು ಹಾಕುತ್ತೇವೆ. ಸೋಪಿನಿಂದ ಕೈ ಒಡೆಯುವುದೂ ತಪ್ಪಿತು.

ಇನ್ನೊಂದು ಕೆಲಸವನ್ನೂ ಮಾಡಿದೆವು. ಹೊಸ ಕಾರು ಒಪ್ಪಿಕೊಳ್ಳುವ ಮೊದಲು ಅದನ್ನು ಒಂದು ಸುತ್ತು ಬಂದು ನೋಡುತ್ತೇವೆ. ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. “ಕಾರಿನ ನಂಬರು. ತಾರೀಕು. ಎಡಗಡೆ ಹಿಂದಿನ ಬಾಗಿಲು: ಒಂದು ಗೀರು.” ಯಜಮಾನರಿಗೆ ತೋರಿಸಿ ಸಹಿ ಹಾಕಿಸುತ್ತೇವೆ. ಫೋನಿನಲ್ಲಿ ಫೋಟೋ ಕೂಡ ತೆಗೆಯುತ್ತೇವೆ.

ಆರು ತಿಂಗಳಾದ ಮೇಲೆ ಬೇರೊಬ್ಬ ಯಜಮಾನರು ಗೀರು ತೋರಿಸಿದರು. ಹಿರಿಯಕ್ಕ ಜಗಳ ಆಡಲಿಲ್ಲ. ನೋಟ್‌ಬುಕ್ ತಂದಳು. ಬೆರಳಿಟ್ಟು ತಾನೇ ಓದಿದಳು. ಅವರ ಸಹಿಯೂ ಇತ್ತು. “ಹೌದಮ್ಮ, ಮರೆತಿದ್ದೆ” ಎಂದರು. ದುಡ್ಡು ಪೂರ್ತಿ ಕೊಟ್ಟರು.

ಒಂದು ಸಲ ನಮ್ಮಿಂದಲೇ ಗೀರು ಬಿತ್ತು. ನಾವೇ ಹೋಗಿ ಹೇಳಿದೆವು. ಅದನ್ನೂ ಬರೆದೆವು. ಬೈದರು. ಆದರೆ ಕೆಲಸದಿಂದ ಬಿಡಿಸಲಿಲ್ಲ. ನಮಗೆ ಅನುಕೂಲವಾದದ್ದನ್ನು ಮಾತ್ರ ಬರೆದರೆ ಆ ನೋಟ್‌ಬುಕ್ಕನ್ನು ಯಾರು ನಂಬುತ್ತಾರೆ?

ಅಕ್ಕತಂಗಿಯರೇ, ನೀವು ಕಾರು ತೊಳೆಯದೆ ಇರಬಹುದು. ಮನೆಗೆಲಸ, ಹೊಲಿಗೆ, ಹಾಲು ಹಾಕುವುದು ಏನಾದರೂ ಮಾಡುತ್ತಿರಬಹುದು. ಯಾವ ಕೆಲಸವೇ ಆಗಲಿ, ಮೊದಲೇ ಬರೆದಿಡಿ. ತಾರೀಕು ಹಾಕಿ. ಬಾಯಿ ಮಾತು ಮರೆತು ಹೋಗುತ್ತದೆ. ಬರೆದ ಮಾತು ಉಳಿಯುತ್ತದೆ.

ಓದಿ, ಉತ್ತರ ಹೇಳಿ

1. ಕಾರನ್ನು ಒಣ ಬಟ್ಟೆಯಿಂದ ಏಕೆ ಒರೆಸಬಾರದು?
2. ಮೇಣವನ್ನು ಬಿಸಿಲಿನಲ್ಲಿ ಹಚ್ಚಿದರೆ ಏನಾಗುತ್ತದೆ?
3. ಹಿರಿಯಕ್ಕನ ದುಡ್ಡು ಮೊದಲ ಸಲ ಏಕೆ ಹೋಯಿತು? ಎರಡನೆಯ ಸಲ ಹೇಗೆ ಉಳಿಯಿತು?

ಲೆಕ್ಕ ಮಾಡಿ

ಒಂದು ಬಕೆಟ್ಟಿಗೆ 15 ಲೀಟರ್ ನೀರು. ಒಂದು ಕಾರಿಗೆ 3 ಬಕೆಟ್. ಹಾಗಾದರೆ 6 ಕಾರಿಗೆ ಎಷ್ಟು ಲೀಟರ್?

ಬರೆಯಿರಿ

ನೀವು ಮಾಡುವ ಕೆಲಸದಲ್ಲಿ ಮೊದಲೇ ಬರೆದಿಡಬೇಕಾದ ಎರಡು ವಿಷಯ ಯಾವುವು? ತಾರೀಕು ಹಾಕಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ.