ಬಾವಿಯ ನೀರಿನ ಪ್ರಮಾಣವನ್ನು ತಃಖ್ತೆಯಿಂದಲೂ ನಕ್ಷೆಯಿಂದಲೂ ತಿಳಿಯುವ ಕ್ರಮ

ಬೇಸಗೆಯಲ್ಲಿ ಎಷ್ಟು ಎಕರೆಗೆ ಬೆಳೆ ಇಡಬಹುದೆಂಬುದು ಬಾವಿಯ ನೀರನ್ನು ಅವಲಂಬಿಸಿದೆ. ಪಂಪು ಆರಂಭದಲ್ಲಿ ಸುರಿಸುವ ನೀರನ್ನೇ ನಂಬಿ ಬೆಳೆಯಿಟ್ಟವರು, ಪೈರು ತೆನೆಗಟ್ಟುವ ಕಾಲಕ್ಕೆ ನೀರು ಸಾಲದೆ ನಷ್ಟಕ್ಕೆ ಗುರಿಯಾಗುವುದುಂಟು. ಆದುದರಿಂದ ಬಿತ್ತನೆಗೆ ಮುಂಚೆಯೇ ನೀರನ್ನು ಅಳೆದು ನೋಡತಕ್ಕದ್ದು.

೩ ಮೀಟರ್ ಉದ್ದ, ೨ ಮೀಟರ್ ಅಗಲವುಳ್ಳ ತೊಟ್ಟಿಯಲ್ಲಿ ನೀರು ೧ ಸೆಂಟಿಮೀಟರ್ ಏರಿದರೆ ೬೦ ಲೀಟರ್ ಆಗುವುದು. ಬರಿದಾದ ಇಂತಹ ತೊಟ್ಟಿಗೆ ಪಂಪಿನ ನೀರನ್ನು ಬಿಟ್ಟು, ೧೦ ನಿಮಿಷಕ್ಕೊಮ್ಮೆ ಅಳತೆಗೋಲಿನಿಂದ ನೀರಿನ ಎತ್ತರವನ್ನು ನೋಡಿ ಬರೆದುಕೊಳ್ಳಬೇಕು. ದೊರೆತ ಅಂಕಿಗಳು ಈ ರೀತಿ ಇವೆಯೆಂದು ಭಾವಿಸೋಣ:

| ನಿಮಿಷ | ಎತ್ತರ (ಸೆಂ.ಮೀ.) | ಒಟ್ಟು ನೀರು (ಲೀಟರ್) |
|---|---|---|
| ೧೦ | ೩೦ | ೧೮೦೦ |
| ೨೦ | ೬೦ | ೩೬೦೦ |
| ೩೦ | ೯೦ | ೫೪೦೦ |
| ೪೦ | ೧೦೫ | ೬೩೦೦ |
| ೫೦ | ೧೨೦ | ೭೨೦೦ |

ಮೊದಲ ೩೦ ನಿಮಿಷಗಳಲ್ಲಿ ೫೪೦೦ ಲೀಟರ್ ಬಂದಿರುವುದರಿಂದ ನಿಮಿಷವೊಂದಕ್ಕೆ ೧೮೦ ಲೀಟರ್ ಆಯಿತು. ಕಡೆಯ ೨೦ ನಿಮಿಷಗಳಲ್ಲಿ ಬಂದದ್ದು ೧೮೦೦ ಲೀಟರ್ ಮಾತ್ರ. ಎಂದರೆ ನಿಮಿಷಕ್ಕೆ ೯೦ ಲೀಟರ್. ಒಟ್ಟು ೭೨೦೦ನ್ನು ೫೦ರಿಂದ ಭಾಗಿಸಿದರೆ ೧೪೪ ಎಂದು ಬರುವುದು; ಆದರೆ ಈ ಸರಾಸರಿಯು ನೀರು ಕುಗ್ಗಿದುದನ್ನು ಮರೆಮಾಡುವುದು.

ಇದನ್ನೇ ಚೌಕಳಿ ಕಾಗದದ ಮೇಲೆ ಗುರುತಿಸಿದರೆ ಲೆಕ್ಕ ಬಾರದವರಿಗೂ ವಿಷಯ ಸ್ಪಷ್ಟವಾಗುವುದು. ಅಡ್ಡಗೆರೆಯಲ್ಲಿ ನಿಮಿಷಗಳನ್ನೂ ಲಂಬಗೆರೆಯಲ್ಲಿ ಲೀಟರುಗಳನ್ನೂ ಸಮಾನ ಅಂತರದಲ್ಲಿ ಬರೆದು, (೧೦, ೧೮೦೦), (೨೦, ೩೬೦೦) ಮುಂತಾದ ಪ್ರತಿಯೊಂದು ಜೋಡಿಗೂ ಒಂದು ಚುಕ್ಕೆ ಇಡಬೇಕು. ಜೋಡಿಯಲ್ಲಿ ಮೊದಲನೆಯ ಅಂಕಿ ಅಡ್ಡಗೆರೆಯದು, ಎರಡನೆಯದು ಲಂಬಗೆರೆಯದು. ಮೊದಲ ಮೂರು ಚುಕ್ಕೆಗಳು ಸೊನ್ನೆಯಿಂದ ಹೊರಟ ಒಂದೇ ನೇರಗೆರೆಯ ಮೇಲಿರುವುವು. ಮುಂದಿನ ಎರಡು ಆ ಗೆರೆಗಿಂತ ಕೆಳಕ್ಕೆ ಬಾಗುವುವು. ಗೆರೆ ಕಡಿದಾದಷ್ಟೂ ನೀರು ಹೆಚ್ಚು. ಬಾಗಿದಲ್ಲಿ ನೀರು ಕುಗ್ಗಿದೆಯೆಂದು ತಿಳಿಯಬೇಕು. ಆಗ ವಿದ್ಯುತ್ತು ಇಳಿದಿತ್ತೇ, ಫುಟ್‌ವಾಲ್ವಿಗೆ ಕಸ ಕಟ್ಟಿತ್ತೇ ಎಂದು ಪರೀಕ್ಷಿಸತಕ್ಕದ್ದು. ಇವೆರಡೂ ಅಲ್ಲವಾದರೆ ಬಾವಿಯ ನೀರಿನ ಮಟ್ಟವೇ ಇಳಿದಿರುವ ಸಂಭವವುಂಟು.

ಒಂದು ಎಕರೆಗೆ ೫ ಸೆಂಟಿಮೀಟರ್ ನೀರು ನಿಲ್ಲಿಸಲು ಸುಮಾರು ೨,೦೨,೦೦೦ ಲೀಟರ್ ಬೇಕು. ನಿಮಿಷಕ್ಕೆ ೧೮೦ ಲೀಟರಿನಂತೆ ಇದಕ್ಕೆ ೧೯ ಗಂಟೆ ಸಾಕು. ೯೦ ಲೀಟರಿನಂತೆ ೩೭ ಗಂಟೆಗೂ ಮೀರುವುದು. ಮೊದಲಿನ ಲೆಕ್ಕವನ್ನು ನಂಬಿ ಎರಡು ಎಕರೆ ಇಟ್ಟವನಿಗೆ ಒಂದು ಎಕರೆಯ ನೀರು ಮಾತ್ರ ದೊರೆಯುವುದು. ಆದುದರಿಂದ ಕಡೆಯಲ್ಲಿ ನಿಂತ ಪ್ರಮಾಣವನ್ನೇ ಆಧಾರವಾಗಿಟ್ಟುಕೊಳ್ಳುವುದು ಕ್ಷೇಮಕರ.

ಗ್ರಾಮದ ಮುಖಂಡರು ತಿಂಗಳಿಗೊಮ್ಮೆ ಇಂತಹ ಅಳತೆಯನ್ನು ಮಾಡಿಸಿ, ಒಂದೇ ಕಾಗದದ ಮೇಲೆ ಗುರುತಿಸಿಟ್ಟು ರೈತರಿಗೆ ತೋರಿಸಿದಲ್ಲಿ ಬಹಳ ಉಪಕಾರವಾಗುವುದು.